ಪ್ರವಾದನಾ ವರದಲ್ಲಿ ಬೆಳೆಯೋದು ಹೇಗೆ? ನಾನು ಕಂಡದ್ದು ಸೂಟ್‌ಕೇಸ್ ಮಾತ್ರ

ಮನೆಕೂಟದಲ್ಲಿ ಪ್ರವಾದನೆ (ದೇವರು ತಿಳಿಸಿದ್ದು ಅಂತ ಇನ್ನೊಬ್ಬರಿಗೆ ಹೇಳೋ ಮಾತು) ಹೇಳ್ತೀರಿ, ಒಬ್ಬ ಅಕ್ಕನಿಗೆ "ಮೂರು ತಿಂಗಳಲ್ಲಿ ಶುಭ ಸುದ್ದಿ" ಅಂದಿದ್ದೀರಿ, ಆದರೆ ಹೆಸರು, ತಾರೀಖು ಸ್ಪಷ್ಟವಾಗಿ ಬರೋದಿಲ್ಲ, 6,000 ರೂಪಾಯಿಯ ಆನ್‌ಲೈನ್ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ. ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ನಾನೂ ಒಂದು ಕಾಲದಲ್ಲಿ ತಾರೀಖು ಬೇಕು ಅಂತ ಉಪವಾಸ ಮಾಡಿದವನೇ. ತಾರೀಖು ಬಂತು ಕೂಡ. ತೊಂದರೆ ಆಗಿದ್ದೇ ಅದರಿಂದ.

2014ರ ನವೆಂಬರ್. ಹುಬ್ಬಳ್ಳಿಯಲ್ಲಿ ಒಬ್ಬರ ಮನೆ ಮಹಡಿಯ ಮೇಲೆ ಶುಕ್ರವಾರದ ಉಪವಾಸ ಪ್ರಾರ್ಥನೆ. ಪಕ್ಕದಲ್ಲಿ ನನ್ನ ಗೆಳೆಯ ಮೊಣಕಾಲೂರಿದ್ದ. ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಅವನ ಹೆಗಲ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಕಣ್ಣ ಮುಂದೆ ಒಂದು ಸೂಟ್‌ಕೇಸ್ ಬಂತು. ನೀಲಿ ಬಣ್ಣ, ಒಂದು ಹಿಡಿಕೆಗೆ ಹಗ್ಗ ಸುತ್ತಿತ್ತು, ಬಾಗಿಲ ಮುಂದೆ ಇತ್ತು. ಅಷ್ಟೇ.

ಅಷ್ಟನ್ನೇ ಹೇಳಿ ಸುಮ್ನಿದ್ದಿದ್ದರೆ ಈ ಉತ್ತರ ಬರೆಯೋ ಅಗತ್ಯವೇ ಇರಲಿಲ್ಲ.

ನನ್ನದು ಅಪ್ಪಟ ಹುಬ್ಬಳ್ಳಿ ಮಾತು. ಆದರೆ ಪ್ರವಾದನೆ ಶುರುವಾದ ಕೂಡಲೇ ಹಳೇ ಬೈಬಲಿನ ಕನ್ನಡ ಬಂದುಬಿಡ್ತಿತ್ತು. (ದೇವರಿಗೆ ನಮ್ಮ ಕಡೆ ಮಾತು ಬರೋದಿಲ್ಲವೇನೋ!) "ನನ್ನ ಮಗನೇ, ಯೆಹೋವನು ಇಂತೆನ್ನುತ್ತಾನೆ, ಈ ವರ್ಷ ಮುಗಿಯುವುದರೊಳಗೆ ನಿನ್ನನ್ನು ವಿಮಾನ ಹತ್ತಿಸುವೆನು" ಅಂದೆ. ಕೀಬೋರ್ಡ್ ಹುಡುಗ ಸರಿಯಾಗಿ ಅದೇ ಹೊತ್ತಿಗೆ ಸ್ವರ ಏರಿಸಿದ. ಎಲ್ಲರೂ ಆಮೆನ್ ಅಂದರು. ಗೆಳೆಯ ಅತ್ತ.

ಸೋಮವಾರ ಅವನು ರಾಜೀನಾಮೆ ಕೊಟ್ಟ.

ಇದನ್ನು ಬಿಡಿಸಿ ಹೇಳ್ತೀನಿ, ಯಾಕೆಂದರೆ ತಪ್ಪು ಎಲ್ಲಾಯಿತು ಅಂತ ನನಗೇ ತಿಳಿಯೋಕೆ ಒಂದು ವರ್ಷ ಹಿಡಿಯಿತು. ಅವನು ಕುವೈತ್ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟಿದ್ದು ನನಗೆ ಮೊದಲೇ ಗೊತ್ತಿತ್ತು. ಬಸ್‌ಸ್ಟ್ಯಾಂಡಿಗೆ ಬೈಕಲ್ಲಿ ಬಿಟ್ಟು ಬಂದವನೇ ನಾನು. ಹಾಗಾಗಿ ಸೂಟ್‌ಕೇಸ್ ಕಂಡ ತಕ್ಷಣ ತಲೆ ತಾನಾಗಿ ವಿಮಾನ ಜೋಡಿಸಿತು. "ಈ ವರ್ಷ ಮುಗಿಯುವುದರೊಳಗೆ" ಎಲ್ಲಿಂದ ಬಂತು? ಹಿಂದಿನ ದಿನವಷ್ಟೇ ಚರ್ಚಿನಲ್ಲಿ ಕ್ರಿಸ್ಮಸ್ ಹಾಡಿನ ಪ್ರಾಕ್ಟೀಸ್ ಶುರುವಾಗಿತ್ತು, ತಲೆ ತುಂಬಾ ಡಿಸೆಂಬರ್. ಸೂಟ್‌ಕೇಸ್ ಒಂದು, ಅದರ ಅರ್ಥ ಇನ್ನೊಂದು, ಅವನು ಏನು ಮಾಡಬೇಕು ಅನ್ನೋದು ಮತ್ತೊಂದು. ಮೂರನ್ನೂ ಒಂದೇ ಉಸಿರಲ್ಲಿ ಹೇಳಿ, ಮೇಲೆ ದೇವರ ಹೆಸರಿನ ಸೀಲು ಒತ್ತಿದೆ. "ಇಂತೆನ್ನುತ್ತಾನೆ" ಅಂದಮೇಲೆ ಅವನು ತಿರುಗಿ ಏನಂತ ಕೇಳಬೇಕು? "ನನಗೆ ಹೀಗನಿಸ್ತು, ನೀನು ನೋಡು" ಅಂದಿದ್ದರೆ "ಹಂಗಾದ್ರ ನೌಕರಿ ಬಿಡ್ಲಿ ಏನು?" ಅಂತಾದರೂ ಕೇಳ್ತಿದ್ದ. ಕೇಳೋ ದಾರಿಯನ್ನೇ ನಾನು ಮುಚ್ಚಿದ್ದೆ.

ವೀಸಾ ಬರಲಿಲ್ಲ. ಆಸ್ಪತ್ರೆಯವರು ವಾಪಸ್ ತಗೊಳ್ಳಲಿಲ್ಲ. ಏಳು ತಿಂಗಳು ಸಂಬಳ ಇಲ್ಲ. ಅವನ ಅಮ್ಮ ಕೈಯಲ್ಲಿದ್ದ ಪಾಟಲಿ ಅಡವಿಟ್ಟರು. ಅವರ ಮನೆಗೆ ಹೋದಾಗ ಚಹಾ ಲೋಟ ಮುಂದಿಟ್ಟ ಆ ಖಾಲಿ ಕೈ ಈಗಲೂ ಕಣ್ಣಲ್ಲಿದೆ. ಅವರು ಬೈಯಲೂ ಇಲ್ಲ.

ಮುಂದೆ ಅವನ ತಂದೆಗೆ ಹುಷಾರಿಲ್ಲದೆ ಅವನು ಊರಿಗೆ ಹೋಗಬೇಕಾಯಿತು. ಆಗ ಕೆಲವರು "ನೋಡಿದ್ರಾ, ಸೂಟ್‌ಕೇಸಿನ ಅರ್ಥ ಇದೇ" ಅಂತ ನನ್ನನ್ನು ಉಳಿಸೋಕೆ ಬಂದರು. ನಾನು ಒಪ್ಪಲಿಲ್ಲ. ಕಲ್ಲು ಬಿದ್ದ ಕಡೆ ಹೋಗಿ ಗುರಿಯ ಗೆರೆ ಎಳೆಯೋ ಆಟ ಅದು.

ಪಾಸ್ಟರ್ ಒಂದು ವರ್ಷ ಮೈಕ್ ಕೊಡಬಾರದು ಅಂದರು. ನನಗೆ ಸಿಟ್ಟು ಬಂತು. ಆದರೆ ನಾನು ಕಲಿತದ್ದು ಆ ವರ್ಷವೇ, ಅದೂ ಶನಿವಾರ ಚರ್ಚ್ ಗುಡಿಸಲು ಬರುತ್ತಿದ್ದ ಒಬ್ಬ ಅಜ್ಜಿಯಿಂದ. ಚಾಪೆ ಝಾಡಿಸುತ್ತಲೇ ಕೇಳಿದರು:

"ಏನ್ ಕಂಡಿ ಅವತ್ತ?"

"ಸೂಟ್‌ಕೇಸ್, ಅಜ್ಜಿ."

"ವಿಮಾನ ಕಂಡಿ ಏನು?"

"ಇಲ್ಲ."

"ಮತ್ತ ಅದನ್ನ ಯಾರ್ ಹಾರಿಸಿದ್ರು?"

ಆಮೇಲೆ ಬೈಬಲಿನ ಪ್ರವಾದಿ ನಾತಾನನ ಕಥೆ ನೆನಪಿಸಿದರು. 2 ಸಮುವೇಲ 7ನೇ ಅಧ್ಯಾಯ. ದಾವೀದ ದೇವರಿಗೆ ಆಲಯ ಕಟ್ಟಬೇಕು ಅಂದಾಗ, ನಾತಾನ ಕೇಳೋದೂ ಇಲ್ಲ, ಕಾಯೋದೂ ಇಲ್ಲ, ಮನಸ್ಸಿಗೆ ಬಂದಂತೆ ಮಾಡು ಅಂದುಬಿಡ್ತಾನೆ. ಅದೇ ರಾತ್ರಿ ದೇವರು ಬೇರೆ ಮಾತು ಹೇಳ್ತಾರೆ. ನಾತಾನ ದಾವೀದನ ಹತ್ತಿರ ಹೋಗಿ ಆ ಮಾತನ್ನು ಪೂರ್ತಿ ಹೇಳ್ತಾನೆ. ಅರಸನ ಮುಂದೆ ತನ್ನ ಮಾತನ್ನೇ ತಾನು ಅಳಿಸಿದ ಹಾಗಲ್ವಾ? ಅಷ್ಟಾದರೂ ಅವನು ಪ್ರವಾದಿಯೇ. ನಾನು ಗೆಳೆಯನ ಹತ್ತಿರ ಹೋದದ್ದು ಈ ಕಥೆ ಕೇಳಿದ ಮೇಲೆ, ಆಗಲೇ ತಡವಾಗಿತ್ತು. ಮಹಡಿಯ ಮೇಲೆ ಅದೇ ಶುಕ್ರವಾರದ ಕೂಟದಲ್ಲಿ, ಎಲ್ಲರ ಮುಂದೆ "ವಿಮಾನ ನಾನು ಸೇರಿಸಿದ್ದು" ಅಂದೆ. ಯಾರೂ ಆಮೆನ್ ಅನ್ನಲಿಲ್ಲ.

ಹಾಗಾಗಿ ನೀವು ಕೇಳಿರುವ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಹೆಸರು, ತಾರೀಖು ಜಾಸ್ತಿ ಬರೋದಕ್ಕೆ ಬೆಳವಣಿಗೆ ಅನ್ನಬೇಡಿ. 1 ಕೊರಿಂಥ 14:3ರಲ್ಲಿ ಪೌಲ ಹೇಳೋದು ಭಕ್ತಿವೃದ್ಧಿ, ಪ್ರೋತ್ಸಾಹ, ಸಂತೈಸುವಿಕೆ. ಅಲ್ಲಿ ತಾರೀಖು ಎಲ್ಲಿದೆ? ಅದೇ ಅಧ್ಯಾಯದ 29ನೇ ವಚನದಲ್ಲಿ ಇಬ್ಬರು ಮೂವರು ಮಾತಾಡಲಿ, ಉಳಿದವರು ಅದನ್ನು ತೂಗಿ ನೋಡಲಿ ಅಂತಿದೆ. ನಮ್ಮ ಮಹಡಿಯ ಮೇಲೆ ತೂಗಿ ನೋಡುವವರು ಒಬ್ಬರೂ ಇರಲಿಲ್ಲ. ನಿಮ್ಮ ಮನೆಕೂಟದಲ್ಲಿ ಇದ್ದಾರಾ?

ಬೈಬಲಿನ ಇನ್ನೊಬ್ಬ ಪ್ರವಾದಿ ಅಗಬ ಮುಂದೆ ಆಗೋದನ್ನು ಹೇಳಿದನಲ್ಲ ಅಂತ ನೀವು ಕೇಳಬಹುದು. ಹೌದು. ಅಪೊಸ್ತಲರ ಕೃತ್ಯಗಳು 21 ಓದಿ ನೋಡಿ. ಪೌಲನ ನಡುಕಟ್ಟಿನಿಂದ ತನ್ನ ಕೈಕಾಲು ಕಟ್ಟಿಕೊಂಡು, ಇದರ ಯಜಮಾನನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟಿ ಅನ್ಯಜನರ ಕೈಗೆ ಒಪ್ಪಿಸುತ್ತಾರೆ ಅಂದ, ಅಲ್ಲಿಗೆ ನಿಲ್ಲಿಸಿದ. "ಹೋಗಬೇಡ" ಅಂತ ಅತ್ತವರು ಸುತ್ತಲಿದ್ದ ಜನ. ಪೌಲ ಹೋದ.

ನಾನು ಈಗ ಮಾಡೋದು ಇಷ್ಟೇ. ಒಂದು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು, ಎಡಕ್ಕೆ ಕಂಡದ್ದು, ಬಲಕ್ಕೆ ನನಗನಿಸಿದ್ದು ಬರೀತೀನಿ. ಹೇಳಲೇಬೇಕಾದರೆ ಎಡಗಡೆಯದನ್ನು ಮಾತ್ರ, ಒಬ್ಬ ಹಿರಿಯರನ್ನು ಪಕ್ಕದಲ್ಲಿ ಇಟ್ಟುಕೊಂಡು, ಹುಬ್ಬಳ್ಳಿ ಮಾತಲ್ಲೇ ಹೇಳ್ತೀನಿ. ಮದುವೆ, ಮಗು, ವೀಸಾ, ಔಷಧಿ, ಜಮೀನು, ಈ ಐದರ ಬಗ್ಗೆ ಬಾಯೇ ಬಿಡೋದಿಲ್ಲ. ಇದು ಅತಿಯಾಯಿತು ಅನ್ನೋರು ಇದ್ದಾರೆ, ಅನ್ನಲಿ. ಎರಡು ವರ್ಷದಲ್ಲಿ 61 ಬರೆದಿದ್ದೆ. ಬಲಗಡೆ ಬರೆದದ್ದು ನಿಜವಾಗಿದ್ದು 9.

ಕೋರ್ಸ್ ಬೇಡ. ಬೇರೆಯವರ ಸಭೆಯ ವಿಡಿಯೋ ನೋಡಿ ಧಾಟಿ ಬರುತ್ತೆ, ಆದರೆ ತಪ್ಪು ಹೇಳಿದ ದಿನ ನಿಮ್ಮನ್ನು ಕೂರಿಸಿ ಕೇಳೋರು ಅಲ್ಲಿ ಇರೋದಿಲ್ಲ. ಅದಕ್ಕಿಂತ ಆ ಅಕ್ಕನಿಗೆ ಇವತ್ತೇ ಫೋನ್ ಮಾಡಿ. ಮೂರು ತಿಂಗಳು ಅಂದದ್ದು ನಿಮಗೆ ಕಂಡದ್ದಾ, ನೀವು ಸೇರಿಸಿದ್ದಾ ಅಂತ ಹೇಳಿ. ಅದನ್ನು ನಂಬಿಕೊಂಡು ಅವರು ಏನಾದರೂ ಬಿಟ್ಟುಕೊಟ್ಟಿದ್ದಾರಾ ಅಂತಲೂ ಕೇಳಿ.