ಕಟ್ಟಡಗಳಿಗೂ ವಿಮರ್ಶಕರು ಇರ್ತಾರಾ?

ಸಿನಿಮಾ ವಿಮರ್ಶಕರು ಗೊತ್ತು, ಕಟ್ಟಡಗಳ ವಿಮರ್ಶೆ ಬರೆದೇ ಸಂಬಳ ತೆಗೆದುಕೊಂಡವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಿ. ಇದ್ದಾರೆ. ನನಗೆ ತಟ್ಟನೆ ನೆನಪಾಗುವ ಹೆಸರು ಏಡಾ ಲೂಯಿಸ್ ಹಕ್ಸ್‌ಟಬಲ್.

1921ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದವರು. 1963ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವರನ್ನು ಪೂರ್ಣಾವಧಿ ಕಟ್ಟಡ ವಿಮರ್ಶಕಿಯಾಗಿ ತೆಗೆದುಕೊಂಡಿತು. ಅಮೆರಿಕದ ದಿನಪತ್ರಿಕೆಯಲ್ಲಿ ಅಂಥ ಹುದ್ದೆ ಅದೇ ಮೊದಲು. ಅದೇ ವರ್ಷ ಊರಿನ ಭವ್ಯವಾದ ರೈಲು ನಿಲ್ದಾಣ ಪೆನ್ ಸ್ಟೇಷನ್ ಕೆಡವುವ ಕೆಲಸ ಶುರುವಾಯಿತು. ಅದು ಉಳಿಯಲಿಲ್ಲ. ಆದರೆ ಜನರ ಸಿಟ್ಟು ಸುಮ್ನೆ ಹೋಗಲಿಲ್ಲ, 1965ರಲ್ಲಿ ಹಳೇ ಕಟ್ಟಡಗಳನ್ನು ಕಾಪಾಡುವ ಕಾನೂನು ಬಂತು.

1970ರಲ್ಲಿ ವಿಮರ್ಶೆಗಾಗಿ ಕೊಟ್ಟ ಮೊದಲ ಪುಲಿಟ್ಜರ್ ಪ್ರಶಸ್ತಿ ಇವರಿಗೇ. ಅದಕ್ಕಿಂತ ದೊಡ್ಡ ಬಿರುದು ಒಂದು ವ್ಯಂಗ್ಯಚಿತ್ರ ಅಂತ ನನಗನ್ನಿಸುತ್ತೆ: ಕಟ್ಟಡ ಇನ್ನೂ ಏಳುತ್ತಿದೆ, ಹಕ್ಸ್‌ಟಬಲ್‌ಗೆ ಆಗಲೇ ಅದು ಹಿಡಿಸಿಲ್ಲವಂತೆ!

2012ರ ಡಿಸೆಂಬರ್‌ನಲ್ಲಿ, 91ನೇ ವಯಸ್ಸಿನಲ್ಲೂ, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಪುಸ್ತಕದ ಕಪಾಟುಗಳನ್ನು ಕಿತ್ತುಹಾಕುವ ಯೋಜನೆ ವಿರುದ್ಧ ಬರೆದರು. ಅವು ಬರೀ ಕಪಾಟುಗಳಲ್ಲ, ಮೇಲಿನ ಓದುವ ಕೋಣೆಯನ್ನೇ ಹೊತ್ತು ನಿಂತವು. ಮುಂದಿನ ತಿಂಗಳೇ ತೀರಿಕೊಂಡರು. ಯೋಜನೆಯನ್ನು 2014ರಲ್ಲಿ ಕೈಬಿಟ್ಟರು.