ನೂರರಲ್ಲಿ 20 ಅಂದ್ರೆ ಅಪ್ಪನಿಗೆ ಎಷ್ಟು ವರ್ಷ?

ಪ್ರಶ್ನೆ: ಡಾಕ್ಟ್ರೇ, ನಮ್ದು ಬದಿಯಡ್ಕ ಹತ್ರ. ಅಪ್ಪನಿಗೆ 61. ಕಾಮಾಲೆ ಅಂತ ಮದ್ದು ಮಾಡ್ತಾ ಇದ್ವಿ, ಸ್ಕ್ಯಾನ್ ಮಾಡಿಸಿದಾಗ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಅಂದ್ರು. ಮಂಗಳೂರಲ್ಲಿ ಗಡ್ಡೆ ಇರುವ ಭಾಗ ತೆಗೆಯುವ ವಿಪ್ಪಲ್ ಆಪರೇಷನ್ ಆಗಿ ಎರಡು ತಿಂಗಳಾಯ್ತು. ಐದು ವರ್ಷ ಬದುಕುವವರು ನೂರಕ್ಕೆ 20 ಅಂತ ಒಂದು ಕಡೆ ಉಂಟು, ಇನ್ನೊಂದು ಕಡೆ 43 ಅಂತ. ಯಾವುದನ್ನ ನಂಬುದು? ಅಪ್ಪ ಕೀಮೋನೇ ಬೇಡ ಅಂತಿದ್ದಾರೆ.

ಉತ್ತರ: ಎರಡೂ ಸುಳ್ಳಲ್ಲ, ಆದ್ರೆ ಎರಡೂ ಬೇರೆ ಬೇರೆ ಜನರ ಲೆಕ್ಕ. 2013ರಲ್ಲಿ ಬಂದ ಜರ್ಮನಿ ಕಡೆಯ ಸ್ಟಡಿಯಲ್ಲಿ ಆಪರೇಷನ್ ಆದ್ಮೇಲೆ ಜೆಮ್ಸಿಟಾಬಿನ್ ಕೀಮೋ ತಕೊಂಡವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 20.7, ಕೀಮೋ ತಕೊಳ್ಳದವರಲ್ಲಿ 10.4. ನೀವು ಹೇಳಿದ 43 ಫ್ರಾನ್ಸ್-ಕೆನಡಾದ ಸ್ಟಡಿಯದ್ದು, ಫೋಲ್ಫಿರಿನಾಕ್ಸ್ ಅನ್ನುವ ಜೋರು ಕೀಮೋ ತಕೊಂಡವರ ಲೆಕ್ಕ, ಅದ್ರಲ್ಲೇ ಜೆಮ್ಸಿಟಾಬಿನ್ ಮಾತ್ರ ತಕೊಂಡವರಲ್ಲಿ 31. ಆದ್ರೆ ಅಲ್ಲಿ ಸೇರಿಸಿಕೊಂಡದ್ದು ಆಪರೇಷನ್ ಆಗಿ 3ರಿಂದ 12 ವಾರದೊಳಗೆ ಚೇತರಿಸಿಕೊಂಡು ನಡೆದಾಡ್ತಾ ಇದ್ದವರನ್ನ, ಅದೂ ಸಿಎ 19-9 ಅನ್ನುವ ರಕ್ತ ಪರೀಕ್ಷೆ 180ರ ಒಳಗೆ ಇದ್ದವರನ್ನ ಮಾತ್ರ. ನಿಮಗೆ ಅಡಿಕೆ ಗೊತ್ತುಂಟಲ್ಲ, ಗಾರ್ಬಲ್ ಮಾಡಿದ, ಅಂದ್ರೆ ಆರಿಸಿ ವಿಂಗಡಿಸಿದ ಚಾಲಿಯ ರೇಟನ್ನ ಕರಿಗೋಟು ಪಟೋರದಂಥ ಕಳಪೆ ಅಡಿಕೆ ಎಲ್ಲ ಸೇರಿದ ಗೋಣಿಗೆ ಹಾಕ್ಲಿಕ್ಕೆ ಆಗುದಿಲ್ಲ.

ಆ ಸ್ಟಡಿಲೇ ಫೋಲ್ಫಿರಿನಾಕ್ಸ್ ತಕೊಂಡವರ ಮೀಡಿಯನ್ 53 ತಿಂಗಳು ಚಿಲ್ಲರೆ ಅಂತ ಕಾಣ್ತದೆ. ಅಷ್ಟೇ ಆಯುಷ್ಯ ಅಂತ ಹೆದರ್ಬೇಡಿ, ಆ ಹೊತ್ತಿಗೆ ಅರ್ಧದಷ್ಟು ಜನ ಇನ್ನೂ ಬದುಕಿದ್ದಾರೆ ಅಂತ ಅರ್ಥ.

ನಿಮ್ಮ ಅಪ್ಪನ ಲೆಕ್ಕ ಇರುದು ಫೈಲಿನ ಒಳಗಿನ ಬಯಾಪ್ಸಿ ರಿಪೋರ್ಟಲ್ಲಿ. ಡಿಸ್ಚಾರ್ಜ್ ಚೀಟಿ ಅಲ್ಲ, ಆಪರೇಷನ್ ಆಗಿ ಒಂದೆರಡು ವಾರಕ್ಕೆ ಬರ್ತದಲ್ಲ, ಅದು. ಮೊದ್ಲು ಕ್ಯಾನ್ಸರ್ ಯಾವ ಜಾತಿ ಅಂತ ನೋಡಿ, ಯಾಕಂದ್ರೆ ಹೆಚ್ಚಾಗಿ ಕಾಣುವ ಅಡಿನೋಕಾರ್ಸಿನೋಮ ಅಲ್ದೆ, ಹಾರ್ಮೋನ್ ಮಾಡುವ ಕಣಗಳಿಂದ ಬರುವ ನ್ಯೂರೋಎಂಡೋಕ್ರೈನ್ ಗಡ್ಡೆಯೋ ಪಿತ್ತನಾಳ ಕರುಳಿಗೆ ಸೇರುವಲ್ಲಿನ ಆಂಪುಲ್ಲಾ ಗಡ್ಡೆಯೋ ಆದ್ರೆ ಇದೇ ಆಪರೇಷನ್ ಮಾಡಿದ್ರೂ ಸಾಮಾನ್ಯವಾಗಿ ಫಲಿತಾಂಶ ಬಹಳ ಒಳ್ಳೇದು, ಮೇಲಿನ ನಂಬರ್ ಯಾವುದೂ ಅವರಿಗಲ್ಲ. ಆಮೇಲೆ ಮಾರ್ಜಿನ್, ಅಂದ್ರೆ ಕತ್ತರಿಸಿದ ಅಂಚಲ್ಲಿ ಕ್ಯಾನ್ಸರ್ ಉಳಿದಿಲ್ಲಾಂದ್ರೆ ಆರ್0 ಅಂತ ಬರೀತಾರೆ. ಲಿಂಫ್ ಗ್ರಂಥಿ ಎಷ್ಟು ತೆಗೆದ್ರು, ಅದ್ರಲ್ಲಿ ಎಷ್ಟಕ್ಕೆ ಹರಡಿದೆ ಅನ್ನುದೂ ಮುಖ್ಯ. ಒಂದಕ್ಕೂ ಇಲ್ಲ, ಒಂದರಿಂದ ಮೂರರ ತನಕ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು, ಮೂರೂ ಬೇರೆ ಬೇರೆ ಮಾತು.

ಕೀಮೋ ವಿಷಯದಲ್ಲಿ ಅಪ್ಪನ ಹತ್ರ ಕೂತು ಮಾತಾಡಿ ಅಂತ ಕೈಮುಗಿದು ಕೇಳ್ತೇನೆ. ಎರಡು ತಿಂಗಳಾಯ್ತು, ಲೇಟಾಯ್ತು ಅಂತ ಬಿಡ್ಬೇಡಿ, 12 ವಾರದೊಳಗೆ ಶುರು ಮಾಡಿದ್ರೂ ನಡೀತದೆ, ಬೇಗ ಶುರು ಮಾಡುದಕ್ಕಿಂತ ಪೂರ್ತಿ ಮುಗಿಸುದು ಮುಖ್ಯ. ಫೋಲ್ಫಿರಿನಾಕ್ಸ್ ತಡ್ಕೊಳ್ಳುವ ಶಕ್ತಿ ಇಲ್ಲಾಂದ್ರೆ ಜೆಮ್ಸಿಟಾಬಿನ್ ಜೊತೆ ಕ್ಯಾಪಿಸಿಟಾಬಿನ್ ಮಾತ್ರೆ ಉಂಟು, ಆಂಕಾಲಜಿ ಡಾಕ್ಟ್ರು ನೋಡಿ ಹೇಳ್ತಾರೆ.

ಇನ್ನೊಂದು, ತುಂಬಾ ಮನೆಯಲ್ಲಿ ಗಮನಿಸುದೇ ಇಲ್ಲ. ಗಂಜಿ ಊಟ ಮಾಡ್ತಾರೆ, ಆದ್ರೂ ತೂಕ ಇಳೀತಾ ಉಂಟು, ಮಲ ಎಣ್ಣೆ ಎಣ್ಣೆಯಾಗಿ ತೇಲ್ತದೆ, ನೀರು ಹಾಕಿದ್ರೆ ಹೋಗುದಿಲ್ಲ ಅಂತಾದ್ರೆ ಅದು ಊಟ ಜೀರ್ಣ ಮಾಡುವ ಎಂಜೈಮ್ ಕೊರತೆ ಇರ್ಬಹುದು. ಅದಕ್ಕೆ ಎಂಜೈಮ್ ಕ್ಯಾಪ್ಸುಲ್ ಕೊಟ್ಟಿದ್ರೆ ಊಟ ಮುಗ್ಸಿ ನುಂಗುದಲ್ಲ, ಮೊದಲ ತುತ್ತಿನ ಜೊತೆಗೇ ತಕೊಳ್ಬೇಕು. ಶುಗರ್ ಕೂಡಾ ಆಗಾಗ ನೋಡಿಸಿ. ಹೀಗೆ ತೂಕ ನಿಂತ್ರೆ ಕೀಮೋ ತಡ್ಕೊಳ್ಳುದೂ ಸುಲಭ.

ಕ್ಯಾನ್ಸರ್ ಮರಳಿ ಬರುದಾದ್ರೆ ಹೆಚ್ಚಿನವರಿಗೆ ಮೊದಲ ಎರಡು ವರ್ಷದಲ್ಲೇ, ಹಾಗಾಗಿ ಆ ಸಮಯದಲ್ಲಿ ಚೆಕಪ್ ತಪ್ಪಿಸ್ಬೇಡಿ. ಅದು ದಾಟಿದವರಿಗೆ ಈ 20ರ ಲೆಕ್ಕ ಹಳತಾಯ್ತು, ಅವತ್ತು ಹೊಸದಾಗಿ ಕೇಳಿ.