ವಿಮೆ, ನಿಮ್ಮ ಪ್ರಶ್ನೆ: ವಾಸಿಯಾದ ಕುಂಟನ್ನು ನಾಯಿಯ ಪಾಲಿಸಿಯಲ್ಲಿ ಬರೆಯಬೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಲ್ಯಾಬ್ರಡಾರ್ ಗಂಡು ನಾಯಿ ಇದೆ. ಪರಿಚಯದ ಏಜೆಂಟರೊಬ್ಬರು ಅದಕ್ಕೆ ಆರೋಗ್ಯ ವಿಮೆ ಮಾಡಿಸಿ ಎಂದು ಹೇಳಿ, ಇಂಗ್ಲಿಷಿನಲ್ಲಿರುವ ಪಾಲಿಸಿಯ ಪ್ರತಿಯನ್ನು ಕೊಟ್ಟು ಹೋಗಿದ್ದಾರೆ. ವಿಮಾ ಮೊತ್ತ 40,000 ರೂಪಾಯಿ. ಕಾಯುವ ಅವಧಿ, ಡಿಡಕ್ಟಿಬಲ್, ಕೋ-ಪೇ, ಸಬ್ ಲಿಮಿಟ್ ಎಂಬ ಮಾತುಗಳು ಪುಟಪುಟದಲ್ಲೂ ಬರುತ್ತವೆ, ಒಂದೂ ಸರಿಯಾಗಿ ಅರ್ಥವಾಗಲಿಲ್ಲ. ಇನ್ನೊಂದು ವಿಷಯ: ಕಳೆದ ವರ್ಷ ನಾಯಿ ಎಡ ಹಿಂಗಾಲನ್ನು ಎತ್ತಿಕೊಂಡು ಕುಂಟುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟು, ಹದಿನೈದು ದಿನ ಓಡಾಡಿಸಬೇಡಿ ಎಂದರು. ಆಮೇಲೆ ಸರಿಹೋಯಿತು. ಇದನ್ನು ಅರ್ಜಿಯಲ್ಲಿ ಬರೆಯಬೇಕೆ ಎಂದು ಕೇಳಿದರೆ ಏಜೆಂಟರು, "ಗುಣವಾದದ್ದನ್ನು ಯಾಕೆ ಬರೆಯುತ್ತೀರಿ?" ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಬರೆಯಿರಿ. ಪತ್ರದ ಕೊನೆಯಲ್ಲಿರುವ ಈ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ಷರತ್ತುಗಳು ನಿಮಗೆ ಸಿಗುವ ಹಣವನ್ನು ಹೆಚ್ಚುಕಡಿಮೆ ಮಾಡುತ್ತವೆ, ಇದೊಂದು ಮಾತ್ರ ಇಡೀ ಪಾಲಿಸಿಯನ್ನೇ ಬುಡಮೇಲು ಮಾಡಬಲ್ಲದು.

ಏಜೆಂಟರ ಮಾತು ಕೇಳಲು ಸರಿ ಎನಿಸುತ್ತದೆ. ಆದರೆ ಪಾಲಿಸಿಯ ಮೊದಲ ಪುಟಗಳಲ್ಲಿರುವ ವ್ಯಾಖ್ಯೆಗಳ ಭಾಗವನ್ನು ತೆರೆದು, ಮೊದಲೇ ಇದ್ದ ಕಾಯಿಲೆ ಎಂದರೇನೆಂದು ಅಲ್ಲಿ ಬರೆದಿರುವುದನ್ನು ನಿಧಾನವಾಗಿ ಓದಿ. ಅನೇಕ ಪಾಲಿಸಿಗಳಲ್ಲಿ ಕಾಯಿಲೆಯ ಹೆಸರು ಗೊತ್ತಾಗಿರಬೇಕೆಂದೇನೂ ಇಲ್ಲ, ಪಾಲಿಸಿ ಆರಂಭವಾಗುವ ಮೊದಲು ಅದರ ಲಕ್ಷಣ ಕಾಣಿಸಿಕೊಂಡಿದ್ದರೆ ಸಾಕು. ನಿಮ್ಮ ನಾಯಿಗೆ ಕಳೆದ ವರ್ಷ ಯಾರೂ ರೋಗದ ಹೆಸರು ಹೇಳಿಲ್ಲ, ನಿಜ. ಆದರೆ ಕುಂಟು ಒಂದು ಲಕ್ಷಣ. ಲ್ಯಾಬ್ರಡಾರ್ ತಳಿಯಲ್ಲಿ ಸೊಂಟದ ಕೀಲು ಬೆಳೆಯುವ ವಯಸ್ಸಿನಲ್ಲಿ ಸಡಿಲವಾಗುವ ತೊಂದರೆಯೂ, ಹಿಂಗಾಲಿನ ಮಂಡಿಯೊಳಗಿನ ಅಸ್ಥಿರಜ್ಜು ಹರಿಯುವ ತೊಂದರೆಯೂ ಸಾಮಾನ್ಯ, ಎರಡೂ ಮೊದಲು ಹೀಗೆ ಬಂದು ಹೋಗುವ ಕುಂಟಾಗಿ ತೋರಬಹುದು. ಮುಂದಿನ ವರ್ಷ ಅದೇ ಕಾಲಿಗೆ ಶಸ್ತ್ರಚಿಕಿತ್ಸೆ ಬೇಕಾಗಿ ನೀವು ಕ್ಲೇಮ್ ಹಾಕಿದಿರಿ ಎಂದುಕೊಳ್ಳೋಣ. ಕಂಪನಿ ಮೊದಲು ಕೇಳುವುದು ನಾಯಿಯ ಹಿಂದಿನ ಚಿಕಿತ್ಸೆಯ ದಾಖಲೆಯನ್ನು. ಲಸಿಕೆ ಪುಸ್ತಕದ ಹಿಂಬದಿಯ ಪುಟವನ್ನು ಈಗಲೇ ತಿರುಗಿಸಿ ನೋಡಿ. ಕಳೆದ ವರ್ಷದ ಆ ತಾರೀಖು, ಎಡ ಹಿಂಗಾಲು ಎಂಬ ಒಂದು ಸಾಲು, ಮಾತ್ರೆಯ ಹೆಸರು, ಡಾಕ್ಟರ ಸಹಿ ಅಲ್ಲಿರುವ ಸಾಧ್ಯತೆ ಹೆಚ್ಚು. ಅರ್ಜಿಯಲ್ಲಿ "ಹಿಂದೆ ಯಾವ ತೊಂದರೆಯೂ ಇರಲಿಲ್ಲ" ಎಂದು ನೀವು ಸಹಿ ಹಾಕಿದ್ದೂ, ಪುಸ್ತಕದಲ್ಲಿ ಆ ಸಾಲು ಇರುವುದೂ ಒಂದೇ ಮೇಜಿನ ಮೇಲೆ ಬಂದಾಗ, ಆ ಕಾಲಿನ ಕ್ಲೇಮಷ್ಟೇ ಅಲ್ಲ, ವಿಷಯ ಮುಚ್ಚಿಟ್ಟ ಕಾರಣಕ್ಕೆ ಪಾಲಿಸಿಯೇ ರದ್ದಾಗುವ ಅಪಾಯವಿದೆ.

ಬರೆದರೆ ಏನಾಗುತ್ತದೆ? ಕಂಪನಿ ಹಾಗೆಯೇ ಒಪ್ಪಬಹುದು, ಎಕ್ಸ್‌ರೇ ಕೇಳಬಹುದು, ಇಲ್ಲವೇ ಆ ಕಾಲಿನ ತೊಂದರೆಯನ್ನು ಹೊರಗಿಟ್ಟು ಪಾಲಿಸಿ ಕೊಡಬಹುದು. ಹೊರಗಿಡುವುದಾದರೆ ಯಾವ ಪದಗಳಲ್ಲಿ ಹೊರಗಿಟ್ಟಿದ್ದಾರೆ ಎಂಬುದನ್ನು ಗಮನಿಸಬೇಕು. "ಎಡ ಹಿಂಗಾಲಿನ ಮಂಡಿ" ಎಂದಿರುವುದಕ್ಕೂ "ಹಿಂಗಾಲುಗಳು" ಎಂದಿರುವುದಕ್ಕೂ ಬಹಳ ಅಂತರವಿದೆ, ಏಕೆಂದರೆ ಒಂದು ಮಂಡಿಯ ರಜ್ಜು ಹರಿದ ನಾಯಿಗೆ ಮುಂದೆ ಇನ್ನೊಂದರದ್ದೂ ಹರಿಯುವುದು ಅಪರೂಪವಲ್ಲ. ಅಂದು ಪರೀಕ್ಷಿಸಿದ ಡಾಕ್ಟರಿಂದ, ಏನು ಕಂಡಿತು, ಎಷ್ಟು ದಿನದಲ್ಲಿ ವಾಸಿಯಾಯಿತು ಎಂಬ ಚಿಕ್ಕ ಟಿಪ್ಪಣಿಯನ್ನು ಬರೆಸಿಕೊಂಡು ಅರ್ಜಿಯ ಜೊತೆ ಲಗತ್ತಿಸಿ. ಏಜೆಂಟರಿಗೆ ಬಾಯಲ್ಲಿ ಹೇಳಿದ್ದು ಕಂಪನಿಗೆ ಹೇಳಿದ್ದೆಂದು ನೆಮ್ಮದಿಯಿಂದ ಇರಬೇಡಿ. ಖಾಲಿ ಅರ್ಜಿಗೆ ಸಹಿ ಹಾಕಿ ಕೊಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ, ದಯವಿಟ್ಟು ಹಾಗೆ ಮಾಡಬೇಡಿ. ತುಂಬಿದ ಅರ್ಜಿಯ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಇನ್ನು ಕಾಯುವ ಅವಧಿ. ಪಾಲಿಸಿ ಆರಂಭವಾದ ದಿನದಿಂದ ಅದರಲ್ಲಿ ಹೇಳಿದಷ್ಟು ದಿನ, ಕಾಯಿಲೆಯ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಅಪಘಾತಕ್ಕೆ ಈ ಅವಧಿ ಇಲ್ಲದಿರಬಹುದು ಅಥವಾ ಕಡಿಮೆ ಇರಬಹುದು. ಸೋಂಕು ತಗುಲಿದ ಮೇಲೆ ರೋಗ ಹೊರಗೆ ಕಾಣಲು ಕೆಲವು ದಿನ ಹಿಡಿಯುವುದರಿಂದ, ನಾಯಿ ಆಗಲೇ ಸೊರಗಿದ ಮೇಲೆ ವಿಮೆ ಮಾಡಿಸುವುದನ್ನು ತಡೆಯಲು ಈ ಷರತ್ತು ಇದೆ. ನಮ್ಮ ಕರಾವಳಿಯವರಿಗೆ ಇಲ್ಲಿ ಒಂದು ವಿಶೇಷ ಎಚ್ಚರ ಬೇಕು. ಮಳೆಗಾಲದಲ್ಲಿ ಗದ್ದೆಯ ನೀರು, ತೋಟದ ಕಣಿಯ ನೀರು ಇಲಿಯ ಮೂತ್ರದಿಂದ ಕೆಟ್ಟು, ಅದರಲ್ಲಿ ಓಡಾಡುವ ನಾಯಿಗಳಿಗೆ ಇಲಿ ಜ್ವರ ತಗಲುತ್ತದೆ, ಮೂತ್ರಪಿಂಡ ಮತ್ತು ಯಕೃತ್ತಿಗೆ ಏಟು ಬಿದ್ದರೆ ದಿನಗಟ್ಟಲೆ ಡ್ರಿಪ್ ಹಾಕಬೇಕಾಗುತ್ತದೆ. ತುಳುವರು ಮಳೆಗಾಲಕ್ಕೆ ಮುನ್ನ ಆಚರಿಸುವ ಪತ್ತನಾಜೆ ಕಳೆದ ಮೇಲೆ, ಮೇ 25ರಂದು, ಮೂವತ್ತು ದಿನ ಕಾಯುವ ಅವಧಿಯ ಪಾಲಿಸಿಗೆ ನೀವು ಸಹಿ ಹಾಕಿದರೆ ರಕ್ಷಣೆ ಶುರುವಾಗುವುದು ಜೂನ್ ಕೊನೆಯ ವಾರದಲ್ಲಿ, ಅಷ್ಟರಲ್ಲಿ ಗದ್ದೆಯಲ್ಲಿ ನೀರು ನಿಂತಾಗಿರುತ್ತದೆ. ಏಪ್ರಿಲಿನಲ್ಲೇ ಮುಗಿಸುವುದು ಲೇಸು. ಮುಂದಿನ ವರ್ಷದ ನವೀಕರಣವನ್ನು ತಡಮಾಡಿದರೂ ಈ ಅವಧಿ ಮತ್ತೆ ಮೊದಲಿನಿಂದ ಎಣಿಕೆಯಾಗುವ ಷರತ್ತು ಇರಬಹುದು, ನೋಡಿಕೊಳ್ಳಿ.

ಡಿಡಕ್ಟಿಬಲ್, ಕೋ-ಪೇ ಮತ್ತು ಸಬ್ ಲಿಮಿಟ್ ಮೂರನ್ನೂ ಒಂದು ಬಿಲ್ಲಿನ ಮೇಲೆ ಇಟ್ಟು ನೋಡಿದರೆ ಬೇಗ ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ಬಿಲ್ಲು 28,000 ರೂಪಾಯಿ ಆಯಿತೆನ್ನಿ. ಅದರಲ್ಲಿ ಲಸಿಕೆ, ಉಗುರು ಕತ್ತರಿಸಿದ್ದು, ವಿಶೇಷ ಆಹಾರದ ಪೊಟ್ಟಣ ಇತ್ಯಾದಿ 3,000 ರೂಪಾಯಿ ಪಾಲಿಸಿಯಿಂದ ಹೊರಗಿನದು. ಉಳಿದದ್ದು 25,000. ಡಿಡಕ್ಟಿಬಲ್ ಎಂದರೆ ಮೊದಲು ನೀವೇ ಭರಿಸಬೇಕಾದ ನಿಗದಿತ ಮೊತ್ತ, ಅದು 2,000 ಎಂದಾದರೆ 23,000 ಉಳಿಯುತ್ತದೆ. ಕೋ-ಪೇ ಎಂದರೆ ಬಿಲ್ಲಿನಲ್ಲಿ ನಿಮ್ಮ ಪಾಲಿನ ಶೇಕಡಾವಾರು ಭಾಗ, ಅದು ಶೇ. 20 ಆಗಿದ್ದರೆ 4,600 ಕಳೆದು ಕಂಪನಿ ಕೊಡುವುದು 18,400. ಇದೇ ಲೆಕ್ಕವನ್ನು ತಿರುಗಿಸಿ, ಮೊದಲು ಕೋ-ಪೇ ಕಳೆದು ಆಮೇಲೆ ಡಿಡಕ್ಟಿಬಲ್ ಕಳೆದರೆ 18,000 ಬರುತ್ತದೆ. ಇದು ಸಣ್ಣ ವ್ಯತ್ಯಾಸ. ದೊಡ್ಡದು ಸಬ್ ಲಿಮಿಟ್‌ನಲ್ಲಿದೆ. ಒಟ್ಟು ವಿಮಾ ಮೊತ್ತ 40,000 ಇದ್ದರೂ ಶಸ್ತ್ರಚಿಕಿತ್ಸೆಗೆ 15,000ಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಒಳಮಿತಿ ಇದ್ದರೆ, ಅದನ್ನು ಕೊನೆಯಲ್ಲಿ ಅನ್ವಯಿಸಿದಾಗ ನಿಮಗೆ 15,000 ಸಿಗುತ್ತದೆ. ಮೊದಲೇ ಅನ್ವಯಿಸಿ, ಆ 15,000ದಿಂದ ಡಿಡಕ್ಟಿಬಲ್ ಮತ್ತು ಕೋ-ಪೇ ಕಳೆದರೆ ಕೈಗೆ ಬರುವುದು 10,400 ಮಾತ್ರ. ಏಜೆಂಟರಿಗೆ ಒಂದು ಇ-ಮೇಲ್ ಹಾಕಿ, ಇದೇ ಅಂಕಿಗಳನ್ನು ಕೊಟ್ಟು, ನಿಮ್ಮ ಪಾಲಿಸಿಯಲ್ಲಿ ಎಷ್ಟು ಬರುತ್ತದೆಂದು ಕಂಪನಿಯಿಂದ ಲಿಖಿತವಾಗಿ ತರಿಸಿಕೊಳ್ಳಿ.

ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ ಪ್ರತಿ ಕ್ಲೇಮಿಗೋ ಎಂಬುದನ್ನೂ ಕೇಳಿ. ನಮ್ಮ ತೇವದ ಹವೆಯಲ್ಲಿ ಚರ್ಮದ ತುರಿಕೆ ಹಿಡಿದ ನಾಯಿಯನ್ನು ಮತ್ತೆ ಮತ್ತೆ ಕರೆದೊಯ್ಯಬೇಕಾಗುತ್ತದೆ. ಪ್ರತಿ ಸಲದ ಬಿಲ್ಲು 1,800 ಆಗಿ ಪ್ರತಿ ಕ್ಲೇಮಿನ ಡಿಡಕ್ಟಿಬಲ್ 2,000 ಆಗಿದ್ದರೆ, ವರ್ಷವಿಡೀ ಖರ್ಚಾದರೂ ಒಂದು ರೂಪಾಯಿಯೂ ಬರುವುದಿಲ್ಲ.

ಮನೆಯಲ್ಲಿ ಹಸು ಸಾಕಿದವರಿಗೆ ಒಂದು ಮಾತು ಸೇರಿಸುತ್ತೇನೆ. ದನದ ವಿಮೆಯಲ್ಲಿ ಹಣ ಬರುವುದು ಮುಖ್ಯವಾಗಿ ದನ ಸತ್ತಾಗ. ಕಿವಿಯೋಲೆ (ದನದ ಕಿವಿಗೆ ಹಾಕುವ ಗುರುತಿನ ಬಿಲ್ಲೆ) ಇಲ್ಲದಿದ್ದರೆ ಕ್ಲೇಮ್ ಇಲ್ಲ ಎಂಬುದು ಹಾಲಿನ ಡಿಪೋಗೆ ಹೋಗುವ ಎಲ್ಲರಿಗೂ ಗೊತ್ತು. ನಾಯಿಯ ಪಾಲಿಸಿಯಲ್ಲಿ ಚಿಕಿತ್ಸೆ, ಸಾವು, ಕಳವು, ಮೂರನೆಯವರಿಗೆ ಆದ ಹಾನಿ ಇವು ಬೇರೆ ಬೇರೆ ಭಾಗಗಳಾಗಿದ್ದು, ನೀವು ಯಾವುದಕ್ಕೆ ಪ್ರೀಮಿಯಂ ಕಟ್ಟಿದ್ದೀರೋ ಅದಷ್ಟೇ ಸಿಗುತ್ತದೆ. ಕಿವಿಯೋಲೆಯ ಜಾಗದಲ್ಲಿ ಇಲ್ಲಿ ಚರ್ಮದಡಿಯ ಮೈಕ್ರೋಚಿಪ್ ಅಥವಾ ಗುರುತು ಕಾಣುವ ಫೋಟೋಗಳನ್ನು ಕೇಳುತ್ತಾರೆ. ಚಿಪ್ಪಿನ ಹದಿನೈದು ಅಂಕಿಯ ಸಂಖ್ಯೆ ಪಾಲಿಸಿಯಲ್ಲಿ ಒಂದಂಕಿಯೂ ತಪ್ಪದೆ ಮುದ್ರಣವಾಗಿದೆಯೇ ಎಂದು ಪರಿಶೀಲಿಸಿ.

ಪ್ರಶ್ನೆ: ನಮ್ಮ ನಾಯಿ ಗೇಟು ಹಾರಿ, ಪಾರ್ಸೆಲ್ ತಂದ ಹುಡುಗನ ಕಾಲಿಗೆ ಕಚ್ಚಿತು. ಪಾಲಿಸಿಯಲ್ಲಿ ಮೂರನೆಯವರ ಹೊಣೆ ಎಂಬ ಭಾಗವಿದೆ. ಹುಡುಗನ ಖರ್ಚನ್ನು ನಾನು ಕೊಟ್ಟು ಆಮೇಲೆ ಕಂಪನಿಯಿಂದ ಪಡೆಯಬಹುದೆ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಗಾಯವನ್ನು ಸಾಬೂನು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಸಿ, ರೇಬಿಸ್ ಚುಚ್ಚುಮದ್ದಿಗೆ ಕರೆದೊಯ್ಯುವುದು ವಿಮೆಗಿಂತ ಮೊದಲಿನ ಕೆಲಸ, ನೀವು ಅದನ್ನು ಮಾಡಿಸಿರುತ್ತೀರಿ ಎಂದು ನಂಬಿದ್ದೇನೆ. ಆ ಬಿಲ್ಲುಗಳನ್ನು ಇಟ್ಟುಕೊಂಡು ಕಂಪನಿಗೆ ತಕ್ಷಣ ತಿಳಿಸಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಪರಿಹಾರದ ಮೊತ್ತವನ್ನು ಒಪ್ಪಿಕೊಳ್ಳಬಾರದು ಎಂಬ ಷರತ್ತು ಹೊಣೆಯ ವಿಮೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಆದ್ದರಿಂದ ದೊಡ್ಡ ಮೊತ್ತದ ಮಾತನ್ನು ಈಗ ಕೊಡಬೇಡಿ. ಪ್ರಾಣಿಯನ್ನು ಅಜಾಗ್ರತೆಯಿಂದ ಬಿಟ್ಟದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ದಂಡ ಬಿದ್ದರೆ, ಅದನ್ನು ಯಾವ ಪಾಲಿಸಿಯಿಂದಲೂ ನಿರೀಕ್ಷಿಸುವಂತಿಲ್ಲ.

ಪ್ರಶ್ನೆ: ನಮ್ಮ ನಾಯಿಗೆ ಸ್ಕೂಟರ್ ಬಡಿದು ಮುಂಗಾಲು ಮುರಿಯಿತು. ಶಸ್ತ್ರಚಿಕಿತ್ಸೆಯ ಬಿಲ್ಲು ಕಳಿಸಿದರೆ, ವಾರ್ಷಿಕ ಲಸಿಕೆ ಐದು ವಾರ ತಡವಾಗಿದೆ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದ್ದಾರೆ. ಲಸಿಕೆಗೂ ಮುರಿದ ಕಾಲಿಗೂ ಏನು ಸಂಬಂಧ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಉತ್ತರ ಇರುವುದು ಪಾಲಿಸಿಯ ಒಂದು ವಾಕ್ಯದಲ್ಲಿ. ಲಸಿಕೆಯ ಮಾತು ಎರಡು ಬಗೆಯಲ್ಲಿ ಬರುತ್ತದೆ. "ಲಸಿಕೆಯಿಂದ ತಡೆಯಬಹುದಾದ ರೋಗಗಳಿಗೆ, ಲಸಿಕೆ ಹಾಕಿಸಿರದಿದ್ದರೆ ಹಣವಿಲ್ಲ" ಎಂಬುದು ಒಂದು ಬಗೆ. ಅದು ಪಾರ್ವೊ, ಡಿಸ್ಟೆಂಪರ್, ರೇಬಿಸ್, ಇಲಿ ಜ್ವರದಂಥ ರೋಗಗಳಿಗೆ ಮಾತ್ರ ಅನ್ವಯವಾಗುತ್ತದೆ, ಮೂಳೆ ಮುರಿದದ್ದಕ್ಕೆ ಆಗುವುದಿಲ್ಲ. "ನಾಯಿಗೆ ಎಲ್ಲ ಲಸಿಕೆಗಳನ್ನೂ ಸಕಾಲದಲ್ಲಿ ಹಾಕಿಸಿರತಕ್ಕದ್ದು" ಎಂಬುದು ಇನ್ನೊಂದು ಬಗೆ. ಅದನ್ನು ಇಡೀ ಪಾಲಿಸಿಯ ಷರತ್ತಾಗಿ ಸಾಮಾನ್ಯ ಷರತ್ತುಗಳ ಭಾಗದಲ್ಲಿ ಇಟ್ಟಿರುತ್ತಾರೆ, ಕಂಪನಿ ಹಿಡಿದಿರುವುದು ಬಹುಶಃ ಇದನ್ನೇ. ನಿಮ್ಮ ಪಾಲಿಸಿಯಲ್ಲಿ ಎರಡನೆಯದು ಇಲ್ಲದಿದ್ದರೆ ಅಥವಾ ಎರಡು ಅರ್ಥ ಬರುವಂತೆ ಬರೆದಿದ್ದರೆ ನಿಮ್ಮ ವಾದಕ್ಕೆ ಬಲವಿದೆ, ಏಕೆಂದರೆ ವಿಮಾ ಕರಾರಿನಲ್ಲಿ ಸಂದಿಗ್ಧವಾದ ಮಾತನ್ನು ಅದನ್ನು ಬರೆದ ಕಂಪನಿಯ ವಿರುದ್ಧವಾಗಿ, ವಿಮೆ ಪಡೆದವರ ಪರವಾಗಿ ಅರ್ಥೈಸುವುದು ನಮ್ಮ ನ್ಯಾಯಾಲಯಗಳು ಒಪ್ಪಿರುವ ತತ್ವ. ಎರಡನೆಯ ಬಗೆಯ ಷರತ್ತು ಸ್ಪಷ್ಟವಾಗಿಯೇ ಇದ್ದರೆ ದಾರಿ ಕಠಿಣ, ಆದರೂ ನಷ್ಟಕ್ಕೂ ಲೋಪಕ್ಕೂ ಸಂಬಂಧವಿಲ್ಲ ಎಂಬ ವಾದವನ್ನು ಮುಂದಿಡಬಹುದು.

ತಿರಸ್ಕಾರದ ಪತ್ರದಲ್ಲಿ ಷರತ್ತಿನ ಸಂಖ್ಯೆ ಇಲ್ಲದಿದ್ದರೆ ಅದನ್ನು ಕೇಳಿ ಪಡೆಯಿರಿ. ಆಮೇಲೆ ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಿ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ತಾಣದಲ್ಲೂ ದಾಖಲಿಸಬಹುದು, 155255 ಸಂಖ್ಯೆಗೆ ಕರೆಯನ್ನೂ ಮಾಡಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಅವರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಿ. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು, ವಿಚಾರಣೆ ವಿಡಿಯೋ ಮೂಲಕ ನಡೆಯಲೂ ಅವಕಾಶವಿದೆ. ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ನೀವು ವಾಸವಿರುವ ಜಿಲ್ಲೆಯ ಆಯೋಗಕ್ಕೆ, ಅಂದರೆ ಮಂಗಳೂರಿನಲ್ಲೇ, ಎರಡು ವರ್ಷದೊಳಗೆ ದೂರು ಕೊಡುವ ಹಕ್ಕೂ ನಿಮಗಿದೆ. ಆದರೆ ಅಲ್ಲಿಗೆ ಮೊದಲು ಹೋದರೆ ಅದೇ ವಿಷಯವನ್ನು ಒಂಬುಡ್ಸ್‌ಮನ್ ಎತ್ತಿಕೊಳ್ಳುವುದಿಲ್ಲ, ಹಾಗಾಗಿ ಬೆಂಗಳೂರಿನಿಂದ ಆರಂಭಿಸಿ.

ದೂರಿನ ಜೊತೆ ಮುರಿತ ಕಾಣುವ, ತಾರೀಖಿರುವ ಎಕ್ಸ್‌ರೇಯನ್ನೂ, ಚಿಕಿತ್ಸೆ ಕೊಟ್ಟ ಡಾಕ್ಟರ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುವ ಪ್ರಮಾಣಪತ್ರವನ್ನೂ ಇಡಿ. ಗಾಯಕ್ಕೆ ಕಾರಣ ವಾಹನ ಬಡಿದದ್ದೇ ಹೊರತು ಯಾವುದೇ ರೋಗವಲ್ಲ ಎಂಬ ಒಂದು ವಾಕ್ಯವನ್ನು ಅದರಲ್ಲಿ ಬರೆದುಕೊಡಲು ಅವರನ್ನು ಕೇಳಿಕೊಳ್ಳಿ. ತಪ್ಪಿಹೋದ ಲಸಿಕೆಯನ್ನು ಯಾವಾಗ ಹಾಕಿಸಬಹುದೆಂದು ಅದೇ ಡಾಕ್ಟರನ್ನು ಕೇಳಿ, ಅವರು ಹೇಳಿದ ದಿನವೇ ಹಾಕಿಸಿಬಿಡಿ.